ಹಬ್ಬದ ಮಾರನೆಯ ದಿನ

ಹಬ್ಬದ ಚರಿತ್ರೆಯನ್ನು ಬರೆದವರು ಬಹಳ ಮಂದಿ; ಹಬ್ಬದ ಮಾರನೆಯ ದಿನದ ಚರಿತ್ರೆಯನ್ನು ಬರೆದವರು ವಿರಳ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬರುವುದು ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ. ಬೆಳೆ ಕೈಗೆ ಬಂದುದಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವ ದಿನ ಅದು. ಅಂದು ಊಟದ ಮೇಜಿನ ನಡುವೆ, ಒಲೆಯ ಕಾವಿನಲ್ಲಿ ಇಡಿಯಾಗಿ ಬೆಂದ ಟರ್ಕಿ ಕೋಳಿ ವಿರಾಜಿಸುತ್ತದೆ. ಅಮೆರಿಕ ಖಂಡದ ಈ ಹಕ್ಕಿ ನಮ್ಮ ದೇಶಕ್ಕೆ ತೀರ ಹೊಸದೇನಲ್ಲ. 1612ರಲ್ಲಿ ಗೋವೆಯಿಂದ ತಂದ ಇಂಥದೊಂದು ಹಕ್ಕಿಯನ್ನು ಕಂಡು ಬೆರಗಾದ ಜಹಾಂಗೀರ್ ಬಾದಶಹ ತನ್ನ ಆತ್ಮಕಥೆಯಲ್ಲಿ ಅದನ್ನು ಬಣ್ಣಿಸಿದ್ದಾನೆ. ಆಸ್ಥಾನದ ಚಿತ್ರಕಾರ ಮನ್ಸೂರ್ ಅದರ ಚಿತ್ರ ಬರೆದ. ಏಳೆಂಟು ಕಿಲೋ ತೂಗುವ ಕೋಳಿಯನ್ನು ಒಂದು ಸಂಸಾರ ಒಂದೇ ಊಟಕ್ಕೆ ಮುಗಿಸುವುದುಂಟೆ? ಶುಕ್ರವಾರ ಬೆಳಗಾದರೆ ಅದರ ಎಲುಬಿನ ಗೂಡು ದೊಡ್ಡ ಪಾತ್ರೆಗೆ ಇಳಿಯುತ್ತದೆ.

ಸೂಪು ಮಾಡುವ ಬಗೆ ಸರಳ. ಎಲುಬಿಗೆ ಅಂಟಿಕೊಂಡ ಮಾಂಸವನ್ನು ಬಿಡಿಸಿ ಬೇರೆ ಇಡಬೇಕು. ಗೂಡನ್ನು ಮುರಿದು, ಮುಳುಗುವಷ್ಟು ತಣ್ಣೀರು ಹೊಯ್ದು, ಈರುಳ್ಳಿ, ಕ್ಯಾರೆಟ್, ಸೆಲರಿಯ ದಂಟು, ನಾಲ್ಕು ಕಾಳು ಮೆಣಸು ಹಾಕಿ ಸಣ್ಣ ಉರಿಯ ಮೇಲೆ ಮೂರು ಗಂಟೆ ಬಿಡಬೇಕು. ಅವಸರಪಟ್ಟು ಕೊತಕೊತ ಕುದಿಸಿದರೆ ಕೊಬ್ಬು ನೀರಿನಲ್ಲಿ ಬೆರೆತು ರಸ ಕದಡುತ್ತದೆ. ಹದವಾದ ಕಾವಿನಲ್ಲಿ ಎಲುಬು ಕೀಲುಗಳಲ್ಲಿರುವ ಕೊಲಾಜೆನ್ ಕರಗಿ ಜೆಲಾಟಿನ್ ಆಗುತ್ತದೆ; ಆರಿದ ಮೇಲೆ ರಸ ಹೆಪ್ಪುಗಟ್ಟಿದರೆ ಹದ ಬಂದಿತೆಂದು ಅರ್ಥ. ಸೋಸಿದ ರಸಕ್ಕೆ ತೆಗೆದಿಟ್ಟ ಮಾಂಸವನ್ನೂ ಒಂದು ಹಿಡಿ ಅಕ್ಕಿಯನ್ನೂ ಸೇರಿಸಿ ಬೇಯಿಸಿದರೆ ಊಟ ಸಿದ್ಧ. ಕಾಳು ಸೊಪ್ಪು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಮನೆಗಳಿಗೆ ಇದರ ತತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಗುರುವಾರದ ಹಿಂದೆ ಒಬ್ಬ ಹೆಂಗಸಿದ್ದಾಳೆ. ಈ ಶುಕ್ರವಾರದ ಹಿಂದೆ ಇನ್ನೊಬ್ಬಳು.

ಗುರುವಾರ ಸಾರಾ ಜೋಸೆಫಾ ಹೇಲ್ ಎಂಬಾಕೆಯದು. ಹಬ್ಬದ ಮೂಲ 1621ರಲ್ಲಿ ಪ್ಲಿಮತ್‌ನಲ್ಲಿ ನಡೆದ ಸುಗ್ಗಿಯೂಟ ಎಂದು ಹೇಳುವುದು ವಾಡಿಕೆ. ಅಲ್ಲಿದ್ದ ಎಡ್ವರ್ಡ್ ವಿನ್‌ಸ್ಲೋ ಬರೆದ ಕಾಗದದಲ್ಲಿ ನಾಲ್ವರು ಹಕ್ಕಿಗಳ ಬೇಟೆಗೆ ಹೋದ ಸಂಗತಿ ಇದೆ. ವಾಂಪನೋಗ್ ಜನರ ದೊರೆ ಮ್ಯಾಸಸಾಯಿಟ್ ತೊಂಬತ್ತು ಮಂದಿಯೊಡನೆ ಬಂದುದೂ, ಅವರು ಐದು ಜಿಂಕೆಗಳನ್ನು ತಂದುದೂ ಇದೆ. ಟರ್ಕಿಯ ಹೆಸರು ಮಾತ್ರ ಇಲ್ಲ. ಆ ಕೋಳಿಯನ್ನು ಹಬ್ಬದ ಮೇಜಿನ ಅಗ್ರಸ್ಥಾನದಲ್ಲಿ ಕೂರಿಸಿ ವರ್ಣಿಸಿದ್ದು ಹೇಲ್ 1827ರಲ್ಲಿ ಪ್ರಕಟಿಸಿದ 'ನಾರ್ತ್‌ವುಡ್' ಕಾದಂಬರಿ. ಮುಂದೆ ಆಕೆ ಹೆಸರಾಂತ ಮಹಿಳಾ ಪತ್ರಿಕೆಯೊಂದರ ಸಂಪಾದಕಿಯಾಗಿ, ಇದು ಇಡೀ ರಾಷ್ಟ್ರದ ಹಬ್ಬವಾಗಬೇಕೆಂದು ವರ್ಷ ವರ್ಷವೂ ಬರೆದಳು. ಅಂತರ್ಯುದ್ಧದ ನಡುವೆ, 1863ರಲ್ಲಿ, ಲಿಂಕನ್ ಅದನ್ನು ಘೋಷಿಸಿದ. ನಾಲ್ಕನೆಯ ಗುರುವಾರವೆಂದು ಕಾನೂನು ಆದದ್ದು 1941ರಲ್ಲಿ.

ಶುಕ್ರವಾರ ಲಿಡಿಯಾ ಮರಿಯಾ ಚೈಲ್ಡ್ ಎಂಬಾಕೆಯದು. ಗಂಡ ವಕೀಲ, ಆದರೆ ಮನೆಯಲ್ಲಿ ಸಾಲವೇ ಹೆಚ್ಚು. ಲೇಖನಿಯಿಂದ ಸಂಸಾರ ಸಾಗಿಸಿದ ಈ ಗೃಹಿಣಿ 1829ರಲ್ಲಿ 'ದಿ ಫ್ರೂಗಲ್ ಹೌಸ್‌ವೈಫ್' ಎಂಬ ಕೈಪಿಡಿಯನ್ನು ಹೊರತಂದಳು. ಮಿತವ್ಯಯಕ್ಕೆ ನಾಚದವರಿಗೆಂದೇ ಆ ಪುಸ್ತಕ. ಚೂರುಪಾರುಗಳನ್ನೆಲ್ಲ ಒಟ್ಟುಗೂಡಿಸಿ ಯಾವುದೂ ನಷ್ಟವಾಗದಂತೆ ನೋಡುವುದೇ ಮನೆವಾರ್ತೆಯ ಕಲೆ ಎಂಬುದು ಅದರ ಮೊದಲ ಪಾಠ. ತನ್ನ ಮನೆಯವರಿಗೋ ತನಗಿಂತ ಬಡವರಿಗೋ ಆಹಾರವಾಗಬಹುದಾದುದನ್ನು ಬಿಸಾಡಬಾರದು ಎಂಬುದು ಇನ್ನೊಂದು. ಪುಸ್ತಕ ಮೂವತ್ತಕ್ಕೂ ಮೀರಿ ಮುದ್ರಣಗಳನ್ನು ಕಂಡಿತು.

ಆಕೆಗೆ ಇಷ್ಟು ಕೀರ್ತಿ ಸಾಕಾಗಿತ್ತು ಎನ್ನಬಹುದು. ಆದರೆ 1833ರಲ್ಲಿ ಆಕೆ ಬೇರೊಂದು ಪುಸ್ತಕ ಬರೆದಳು: ಗುಲಾಮಗಿರಿಯನ್ನು ಒಡನೆಯೇ ನಿಲ್ಲಿಸಬೇಕು, ಕಪ್ಪು ಜನರೂ ಅಮೆರಿಕನ್ನರೇ ಎಂದು ಸಾರುವ ಪುಸ್ತಕ. ಎಲುಬನ್ನು ಬಿಸಾಡಬೇಡಿ ಎಂದಾಗ ಮೆಚ್ಚಿದ ಓದುಗರು, ಮನುಷ್ಯರನ್ನು ಮಾರಬೇಡಿ ಎಂದಾಗ ಮುಖ ತಿರುಗಿಸಿದರು. ಆಕೆಯ ಪುಸ್ತಕಗಳ ಮಾರಾಟ ಕುಸಿಯಿತು. ಆಕೆ ನಡೆಸುತ್ತಿದ್ದ 'ಜುವೆನೈಲ್ ಮಿಸಲನಿ' ಎಂಬ ಮಕ್ಕಳ ಪತ್ರಿಕೆಯ ಚಂದಾದಾರರು ಕೈಬಿಟ್ಟರು; 1834ರಲ್ಲಿ ಅದರ ಸಂಪಾದಕತ್ವವನ್ನು ಬಿಡಬೇಕಾಯಿತು. ಆ ಸ್ಥಾನಕ್ಕೆ ಬಂದವಳು ಬೇರೆ ಯಾರೂ ಅಲ್ಲ, ಸಾರಾ ಹೇಲ್! ಗುರುವಾರದ ಒಡತಿಯೂ ಶುಕ್ರವಾರದ ಒಡತಿಯೂ ಹೀಗೆ ಒಂದೇ ಕುರ್ಚಿಯಲ್ಲಿ ಒಬ್ಬರ ಹಿಂದೆ ಒಬ್ಬರು ಕುಳಿತಿದ್ದರು.

ಚೈಲ್ಡ್‌ಳ ಕಾಲದಲ್ಲಿ ಮಾರನೆಯ ದಿನದ ಸೂಪು ಅಗತ್ಯವಾಗಿತ್ತು. ತಂಗಳು ಪೆಟ್ಟಿಗೆ ಇಲ್ಲದ ಮನೆಯಲ್ಲಿ ಉಳಿದುದನ್ನು ಬೇಗನೆ ಪಾತ್ರೆಗಿಡದಿದ್ದರೆ ಕೆಟ್ಟುಹೋಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಮನೆಮನೆಗೂ ರೆಫ್ರಿಜರೇಟರು ಬಂದ ಮೇಲೆ ಉಳಿಕೆಯ ಕೋಳಿ ನಗೆಯ ವಸ್ತುವಾಯಿತು. ಕಾದಂಬರಿಕಾರ ಸ್ಕಾಟ್ ಫಿಟ್ಜ್‌ಜೆರಾಲ್ಡ್ ಅದನ್ನು ವಿಲೇವಾರಿ ಮಾಡುವ ಬಗೆಗಳ ಹಾಸ್ಯಪಟ್ಟಿಯನ್ನೇ ಬರೆದಿಟ್ಟಿದ್ದ. ಅವನು ತೀರಿಕೊಂಡ ಐದು ವರ್ಷಗಳ ಮೇಲೆ, 1945ರಲ್ಲಿ, ಅದು ಅಚ್ಚಾಯಿತು. ಯಂತ್ರವಿದ್ದರೂ ಎಚ್ಚರ ತಪ್ಪಿದ್ದಲ್ಲ: ಬೆಂದ ಮಾಂಸವನ್ನು ಎರಡು ಗಂಟೆಯೊಳಗೆ ಒಳಗಿಡಬೇಕು, ಮೂರು ನಾಲ್ಕು ದಿನದೊಳಗೆ ಮುಗಿಸಬೇಕು, ಸೂಪನ್ನು ಸಣ್ಣ ಪಾತ್ರೆಗಳಿಗೆ ಹಂಚಿ ಬೇಗ ಆರಿಸಬೇಕು ಎಂದು ಇಂದಿನ ಆರೋಗ್ಯಶಾಸ್ತ್ರ ಹೇಳುತ್ತದೆ.

1844ರಲ್ಲಿ ಚೈಲ್ಡ್ ಮಕ್ಕಳಿಗಾಗಿ ಒಂದು ಹಬ್ಬದ ಹಾಡನ್ನೂ ಬರೆದಳು. ಹಿಮದ ದಾರಿಯಲ್ಲಿ ಅಜ್ಜನ ಮನೆಗೆ ಹೊರಟ ಹುಡುಗನ ಆ ಹಾಡನ್ನು ಅಮೆರಿಕದ ಮಕ್ಕಳು ಇಂದಿಗೂ ಹಾಡುತ್ತಾರೆ. ಬರೆದವಳ ಹೆಸರು ಹಾಡುವವರಲ್ಲಿ ಎಷ್ಟು ಮಂದಿಗೆ ಗೊತ್ತು? ಅಡಿಗೆಯ ಪುಸ್ತಕ ಬರೆದ ಕೈಯೂ ಗುಲಾಮರ ಪರವಾಗಿ ಬರೆದ ಕೈಯೂ ಬೇರೆಯಲ್ಲ. ಬಿಸಾಡಬಾರದುದನ್ನು ಬಿಸಾಡಬೇಡಿ ಎಂದೇ ಆಕೆ ಎರಡು ಕಡೆಯೂ ಹೇಳಿದ್ದು. ಒಂದು ಮಾತನ್ನು ಜನ ಕೊಂಡು ಓದಿದರು; ಇನ್ನೊಂದು ಮಾತಿನ ಬೆಲೆಯನ್ನು ಆಕೆಯೇ ತೆತ್ತಳು.