ಮೇಲೊಂದು ಕೆಳಗೊಂದು ನಳಿಗೆ: ಅಗ್ಗದ ಬಂದೂಕು ಲಾಭವೇ?

ಹಂದಿ, ಕರಡಿಗಳ ಕಾಟಕ್ಕೆ ಬೇಸತ್ತು ಹಿಟ್ನಾಳ ಸೀಮೆಯ ರೈತ ಬಂದೂಕು ಕೊಳ್ಳಹೊರಟರೆ, ಒಂದರ ಮೇಲೊಂದು ನಳಿಗೆಯಿರುವ ಅಗ್ಗದ ಜೋಡುನಳಿಗೆ ಬಂದೂಕು ತಕ್ಕದ್ದೇ? ಉತ್ತರಕ್ಕೆ ಇತಿಹಾಸವನ್ನು ನೋಡಬೇಕು.

ಒಂದು ಕಾಲಕ್ಕೆ ಇದು ಇಂಗ್ಲೆಂಡಿನಲ್ಲಿ ಕೈಯಿಂದ ತಯಾರಾಗುತ್ತಿದ್ದ ಸಿರಿವಂತರ ಸೊತ್ತು. ಅದನ್ನು ಸಾಮಾನ್ಯರಿಗೂ ಎಟಕಿಸಹೊರಟವ ಅಮೆರಿಕದ ಜಾನ್ ಬ್ರೌನಿಂಗ್. 1926ರಲ್ಲಿ ಬೆಲ್ಜಿಯಂನಲ್ಲಿ ಆತ ತೀರಿಕೊಂಡ. ಬಂದೂಕು ಮಾರುಕಟ್ಟೆಗೆ ಬಂದದ್ದು 1931ರಲ್ಲಿ. ನಳಿಗೆಗಳು ಹೀಗಿದ್ದರೆ ಗುರಿ ಹಿಡಿಯುವ ಕಣ್ಣಿಗೆ ಒಂದೇ ಸಾಲು. ಹಾರುವ ಮಣ್ಣಿನ ಬಿಲ್ಲೆ ಹೊಡೆಯುವ ಕ್ರೀಡಾಪಟುವಿಗೆ ಅದು ಅನುಕೂಲ. ಆದರೆ ಬೆಲೆ ಇಳಿಸುವಾಗ ಪೆಟ್ಟು ಬೀಳುವುದು ಕೀಲಿನ ಬಿಗಿಗೆ, ನಳಿಗೆಗಳ ಹೊಂದಾಣಿಕೆಗೆ. ಕೀಲು ಅಲುಗಾಡಿದರೆ, ಎರಡೂ ನಳಿಗೆಯ ಚರೆ ಒಂದೆಡೆ ಬೀಳದಿದ್ದರೆ ಅಗ್ಗದ್ದೂ ದುಬಾರಿಯೇ.

ನಮ್ಮಲ್ಲಿ ಬೆಲೆಗಿಂತ ಮೊದಲ ಪ್ರಶ್ನೆ ಪರವಾನಗಿ. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಮುಧೋಳ ಬಳಿಯ ಹಲಗಲಿಯ ಬೇಡರು ಪ್ರಾಣ ತೆತ್ತರು. ಮರುವರ್ಷ ಮುಂಡರಗಿ ಭೀಮರಾಯ ಕೊಪ್ಪಳ ಕೋಟೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಮಡಿದ. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಪರವಾನಗಿಯನ್ನು ಕೈಬಿಡಲಿಲ್ಲ. ಬೆಳೆ ರಕ್ಷಣೆಗೆಂದು ಅದು ಹೆಸರಿಸಿದ್ದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕರಡಿಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ.

ಪ್ರಾಣಿಯನ್ನು ಬೆದರಿಸಿ ಓಡಿಸಲು ಸದ್ದು ಸಾಕು. ಕ್ರೀಡೆಯ ಬಂದೂಕು ಬೇಕಿಲ್ಲ. ಗುರಿ ಅಭ್ಯಾಸ ಮಾಡುವವರು ಕೀಲು, ನಳಿಗೆ ಪರೀಕ್ಷಿಸಿ ಕೊಳ್ಳಲಿ. ಹೊಲ ಕಾಯುವವರ ಹಣ ಬೇಲಿಗೆ ಹೋದರೇ ಲೇಸು.