ಬೆಣ್ಣೆಹಣ್ಣಿನ ಮರದ ಹಿಂದಿನ ಕಥೆ



ಮೂಡಿಗೆರೆಯ ಕಡೆ ಹಳೆಯ ಕಾಫಿ ತೋಟಗಳಲ್ಲಿ, ಮನೆಯ ಹಿತ್ತಿಲಲ್ಲೋ ಕಣದ ಅಂಚಿನಲ್ಲೋ ಒಂದೆರಡು ಬೆಣ್ಣೆಹಣ್ಣಿನ ಮರಗಳಿರುವುದನ್ನು ನೀವು ಕಂಡಿರಬಹುದು. ಬಹುಕಾಲ ಈ ಮರವನ್ನು ಕೇಳುವವರೇ ಇರಲಿಲ್ಲ. ಮಳೆಗಾಲದಲ್ಲಿ ಹಣ್ಣು ಉದುರಿದರೆ ಉದುರಿತು, ಅಷ್ಟೆ. ಈಗ ಅದೇ ಹಣ್ಣನ್ನು ಹುಡುಕಿಕೊಂಡು ವ್ಯಾಪಾರಿಗಳು ಬರುತ್ತಾರೆ. "ಕಾಫಿ ಕಿತ್ತು ಇದನ್ನೇ ಹಾಕಿಬಿಡೋಣವೇ?" ಎಂದು ಕೇಳುವವರೂ ಉಂಟು. ಉತ್ತರ ಹೇಳುವ ಮೊದಲು ಈ ಮರದ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಬೆಣ್ಣೆಹಣ್ಣಿನ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಇದನ್ನು ತಿನ್ನುತ್ತ ಬಂದಿದ್ದಾರೆ. 1519ರಲ್ಲಿ ಎನ್ಸಿಸೋ ಎಂಬ ಸ್ಪೇನಿನವನು ತನ್ನ ಭೂಗೋಳದ ಗ್ರಂಥದಲ್ಲಿ ಇದರ ವರ್ಣನೆ ಬರೆದ. ಕುಲದಲ್ಲಿ ಇದು ನಮ್ಮ ದಾಲ್ಚಿನ್ನಿಗೆ ದಾಯಾದಿ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸಿಂಹಳದಿಂದ ದಕ್ಷಿಣ ಭಾರತಕ್ಕೆ ಬಂದು, ನೀಲಗಿರಿ, ಕೊಡಗು, ಚಿಕ್ಕಮಗಳೂರು ಕಡೆಯ ತೋಟಗಳಲ್ಲಿ ನೆಲೆಯೂರಿತು.

ನಮ್ಮಲ್ಲಿ ಇದು ಬಹುಮಟ್ಟಿಗೆ ಬೀಜದಿಂದಲೇ ಹಬ್ಬಿತು. ಬೀಜದಿಂದ ಹುಟ್ಟಿದ ಬೆಣ್ಣೆಹಣ್ಣು ತಾಯಿಮರದಂತೆ ಇರುವುದಿಲ್ಲ. ಒಂದರ ಹಣ್ಣು ಬೆಣ್ಣೆಯಂತಿದ್ದರೆ ಇನ್ನೊಂದರದು ನೀರುನೀರು, ನಾರುನಾರು. ಐದಾರು ವರ್ಷ ಕಾದ ಮೇಲೆ ತಾನೇ ಗೊತ್ತಾಗುವುದು! ಇದರಿಂದಲೇ ಪೇಟೆಯಲ್ಲಿ ನಮ್ಮ ಹಣ್ಣಿಗೆ ಒಂದೇ ಸಮನಾದ ಹೆಸರು ನಿಲ್ಲಲಿಲ್ಲ.

ಕ್ಯಾಲಿಫೋರ್ನಿಯಾದವರು ಬೇರೆ ದಾರಿ ಹಿಡಿದರು. 1911ರಲ್ಲಿ ಮೆಕ್ಸಿಕೋದ ಅಟ್ಲಿಸ್ಕೋದಿಂದ ಕಾರ್ಲ್ ಶ್ಮಿಟ್ ಎಂಬವರು ಒಳ್ಳೆಯ ಮರಗಳ ಕಸಿಕಡ್ಡಿ ಕಳಿಸಿದರು. 1913ರ ಕಡುಹಿಮವನ್ನು ತಾಳಿಕೊಂಡ ತಳಿಗೆ 'ಫುಯೆರ್ಟೆ', ಅಂದರೆ ಗಟ್ಟಿ, ಎಂಬ ಹೆಸರು ಬಂತು. ಮುಂದೆ ರುಡಾಲ್ಫ್ ಹಾಸ್ ಎಂಬ ಅಂಚೆಯವರ ಹಿತ್ತಿಲಲ್ಲಿ ಬೀಜದಿಂದ ಬೆಳೆದ ಒಂದು ಮರ ಬಹಳ ಒಳ್ಳೆಯ ಹಣ್ಣು ಕೊಟ್ಟಿತು. 1935ರಲ್ಲಿ ಅವರು ಅದಕ್ಕೆ ಹಕ್ಕುಪತ್ರ ಪಡೆದರು. ಇಂದು ಲೋಕದಲ್ಲಿ ಅತಿ ಹೆಚ್ಚಾಗಿ ಮಾರಾಟವಾಗುವ ಹಾಸ್ ಹಣ್ಣೆಲ್ಲ ಆ ಒಂದು ಮರದ ಕಸಿಯ ಸಂತತಿ.

ಆ ತಾಯಿಮರ ಏನಾಯಿತು ಗೊತ್ತೇ? ಬೇರುಕೊಳೆ ರೋಗ ತಗಲಿ 2002ರಲ್ಲಿ ಸತ್ತಿತು. ಆ ರೋಗ ತರುವ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ ಫೈಟಾಫ್ತೊರಾ ಜಾತಿಯದು. ಅಡಿಕೆಯ ಕೊಳೆರೋಗ, ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗ, ಇವೂ ಅದೇ ಬಳಗದವು. ಮೈಸೂರು ಸಂಸ್ಥಾನದಲ್ಲಿ ಡಾ. ಕೋಲ್ಮನ್ ಅವರು 1910ರ ಹೊತ್ತಿಗೇ ಕೊಳೆರೋಗವನ್ನು ಪರಿಶೋಧಿಸಿ, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದ ದಾರಿ ತೋರಿಸಿದ್ದರು. ಅಂದಮೇಲೆ ಮೂಡಿಗೆರೆಯಂಥ ಜಡಿಮಳೆಯ ಸೀಮೆಯಲ್ಲಿ ಬೆಣ್ಣೆಹಣ್ಣಿಗೆ ಮೊದಲ ಶತ್ರು ಯಾವುದೆಂದು ಬೇರೆ ಹೇಳಬೇಕೇ? ಬುಡದಲ್ಲಿ ನಿಂತ ನೀರು.

ಆದ್ದರಿಂದ ಗದ್ದೆಯಂಚಿನ ಜೌಗಿನಲ್ಲಿ ಇದನ್ನು ನೆಡಬೇಡಿ. ನೀರು ಬಸಿಯುವ ಇಳಿಜಾರು ಆರಿಸಿ, ಮಣ್ಣನ್ನು ದಿಣ್ಣೆಯಾಗಿ ಏರಿಸಿ ಅದರ ಮೇಲೆ ನೆಡಿ. ತೊಟ್ಟಿಲು ಗುಂಡಿ ಬುಡಕ್ಕೆ ಹತ್ತಿರ ಬೇಡ. ಎಲೆ ಸಣ್ಣದಾಗಿ, ಬಿಳಿಚಿಕೊಂಡು, ಕೊಂಬೆಯ ತುದಿ ಒಣಗುತ್ತ ಬಂದರೆ ಬೇರನ್ನು ನೋಡಿ.

ಇನ್ನೊಂದು ವಿಚಿತ್ರ. ಇದರ ಒಂದೇ ಹೂವು ಎರಡು ಸಲ ಅರಳುತ್ತದೆ: ಮೊದಲು ಹೆಣ್ಣಾಗಿ, ಮಾರನೆಯ ದಿನ ಗಂಡಾಗಿ. ಹಾಸ್ ಬೆಳಿಗ್ಗೆ ಹೆಣ್ಣು, ಮಾರನೆಯ ಮಧ್ಯಾಹ್ನ ಗಂಡು. ಫುಯೆರ್ಟೆ ಮಧ್ಯಾಹ್ನ ಹೆಣ್ಣು, ಮಾರನೆಯ ಬೆಳಿಗ್ಗೆ ಗಂಡು. ಎರಡು ಬಗೆಯ ಮರಗಳು ಹತ್ತಿರವಿದ್ದು ಜೇನು ಓಡಾಡಿದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ.

ಕೊಡಗಿನ ಚೆಟ್ಟಳ್ಳಿ ಸಂಶೋಧನಾ ಕೇಂದ್ರದವರು ಆರಿಸಿದ 'ಅರ್ಕಾ ಸುಪ್ರೀಂ', 'ಅರ್ಕಾ ಕೂರ್ಗ್ ರವಿ' ತಳಿಗಳಿವೆ. ಕಸಿಗಿಡವಾದರೆ ಮೂರು ನಾಲ್ಕು ವರ್ಷಕ್ಕೆ ಫಲ. ನಿಮ್ಮ ತೋಟದ ಹಳೆಯ ಮರಗಳನ್ನೂ ಕಡೆಗಣಿಸಬೇಡಿ. ಯಾವುದು ವರ್ಷ ವರ್ಷವೂ ತಪ್ಪದೆ ರುಚಿಯಾದ ಹಣ್ಣು ಕೊಡುತ್ತದೋ ಅದಕ್ಕೆ ಗುರುತು ಮಾಡಿ, ಕಸಿಕಡ್ಡಿ ತೆಗೆಯಿರಿ. ಹಾಸ್ ಮರವೂ ಹಿತ್ತಿಲ ಮರವೇ ಆಗಿತ್ತಲ್ಲವೇ?

ಕಾಯಿ ಮರದಲ್ಲಿ ಮೆತ್ತಗಾಗುವುದಿಲ್ಲ. ಬಲಿತದ್ದನ್ನು ತೊಟ್ಟಿನೊಡನೆ ಕಿತ್ತು ಮನೆಯಲ್ಲಿಟ್ಟರೆ ಒಂದು ವಾರದೊಳಗೆ ಹಣ್ಣಾಗುತ್ತದೆ. ಹಾಲು ಬೆಲ್ಲದೊಡನೆ ಕದಡಿ ಕುಡಿಯಬಹುದು. ಉಪ್ಪು, ಹಸಿಮೆಣಸು, ಈರುಳ್ಳಿ, ನಿಂಬೆರಸ ಸೇರಿಸಿ ಅಕ್ಕಿರೊಟ್ಟಿಗೆ ನೆಂಚಿಕೊಳ್ಳಬಹುದು. ನಿಂಬೆರಸವಿದ್ದರೆ ಬೇಗ ಕಪ್ಪಾಗದು. ಒಲೆಯ ಮೇಲೆ ಕುದಿಸಿದರೆ ಮಾತ್ರ ಕಹಿ. ಇದರ ಸೊಪ್ಪನ್ನು ದನಕ್ಕೂ ಆಡಿಗೂ ಹಾಕಬೇಡಿ, ಅದು ವಿಷ.

ಇನ್ನು ಆ ಮೊದಲಿನ ಪ್ರಶ್ನೆ. 2003ರ ಸುಮಾರಿಗೆ ವೆನಿಲ್ಲಾ ಬೆಲೆ ಮುಗಿಲು ಮುಟ್ಟಿದಾಗ ಮಲೆನಾಡಿನಲ್ಲಿ ಎಷ್ಟು ಜನ ಬಳ್ಳಿ ಹಚ್ಚಿದರು, ಒಂದೆರಡು ವರ್ಷದಲ್ಲೇ ಬೆಲೆ ಬಿದ್ದಾಗ ಎಷ್ಟು ಜನ ಕೈಸುಟ್ಟುಕೊಂಡರು ಎಂಬುದು ನಿಮಗೇ ಗೊತ್ತು. ಕಾಫಿಯನ್ನು ಕೀಳಬೇಡಿ. ಕಾಫಿ, ಮೆಣಸಿನ ನಡುವೆ, ನೆರಳಿನ ಮರ ಬಿದ್ದ ತೆರಪುಗಳಲ್ಲಿ ಹತ್ತಾರು ಕಸಿಗಿಡ ನೆಟ್ಟು ನೋಡಿ. ಒಂದು ಬೆಳೆ ಕೈಕೊಟ್ಟ ವರ್ಷ ಇನ್ನೊಂದು ಕೈಹಿಡಿಯಲಿ.