ಅಚ್ಚಿನ ಗಾಡಿ, ದಂಟಿನ ಬಂಡಿ

ಕನ್ನಡದಲ್ಲಿ ‘ಅಚ್ಚು’ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ಬಂಡಿಯ ಎರಡು ಗಾಲಿಗಳನ್ನು ಕೂಡಿಸುವ ದಂಡವೂ ಅಚ್ಚು, ಕರಗಿಸಿದ ಲೋಹಕ್ಕೆ ಆಕಾರ ಕೊಡುವ ಪಡಿಯೂ ಅಚ್ಚು. ಈ ಎರಡೂ ಅರ್ಥಗಳು ಒಟ್ಟಿಗೆ ಸೇರುವ ವಸ್ತುವೊಂದಿದೆ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಸಂಗ್ರಹಕಾರರು ‘ಡೈಕಾಸ್ಟ್’ ಎಂದು ಕರೆಯುವ ಎರಕದ ಪುಟ್ಟ ಕಾರು. ನನ್ನ ಪಿಎಚ್.ಡಿ. ಕೆಲಸ ಕಲಬುರಗಿ ಸೀಮೆಯ ಸಾರಿಗೆಯ ಇತಿಹಾಸದ್ದು. ರೈಲು, ರಸ್ತೆ, ಲಾರಿಗಳ ಕಡತ ಓದುತ್ತ ಕೂತವನಿಗೆ ಆಟಿಕೆ ಗಾಡಿಗಳ ಗೀಳು ಹೇಗೆ ಹತ್ತಿತು ಎಂದು ಗೆಳೆಯರು ಕೇಳುತ್ತಾರೆ. ದೊಡ್ಡ ಗಾಡಿಗಳು ಎಲ್ಲಿ ಓಡಿದವೋ ಅಲ್ಲೆಲ್ಲ ಅವುಗಳ ಹಿಂದೆಯೇ ಚಿಕ್ಕವೂ ಓಡಿವೆ. ಚಿಕ್ಕವುಗಳಿಗೆ ಕಡತವಿಲ್ಲ, ಅಷ್ಟೇ.

ಡೈಕಾಸ್ಟ್ ಎಂದರೆ ಸರಳವಾಗಿ ಇಷ್ಟು: ಸತುವಿಗೆ ಸುಮಾರು ಶೇ. 4ರಷ್ಟು ಅಲ್ಯುಮಿನಿಯಂ, ಜೊತೆಗೆ ಚೂರು ಮೆಗ್ನೀಸಿಯಂ, ತಾಮ್ರ ಬೆರೆಸಿದ ಮಿಶ್ರಲೋಹವನ್ನು ಕರಗಿಸಿ, ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸುವುದು. ಇದು 385 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಅಚ್ಚು ಬೇಗ ಸವೆಯುವುದಿಲ್ಲ. ಒಂದೇ ಅಚ್ಚಿನಿಂದ ಲಕ್ಷಗಟ್ಟಲೆ ಕಾರು ತೆಗೆಯಬಹುದು. ಆದರೆ ಸತುವಿನೊಳಗೆ ಸೀಸದ ಕಲ್ಮಶ ಸೇರಿಕೊಂಡರೆ ಕಾಲಾಂತರದಲ್ಲಿ ಲೋಹ ಒಳಗಿನಿಂದಲೇ ಬಿರಿಯುತ್ತದೆ. 1930ರ ದಶಕದ ಎಷ್ಟೋ ಆಟಿಕೆಗಳು ಹೀಗೆ ಯಾರೂ ಮುಟ್ಟದೆ, ಕಪಾಟಿನಲ್ಲಿ ಇಟ್ಟಲ್ಲೇ ಪುಡಿಯಾಗಿವೆ. ಸಂಗ್ರಹಕಾರರು ಇದನ್ನು ಸತುವಿನ ರೋಗವೆನ್ನುತ್ತಾರೆ. ಲೋಹವೆಂದರೆ ಶಾಶ್ವತ, ಮಣ್ಣೆಂದರೆ ಕ್ಷಣಿಕ ಎಂದು ನಂಬಿದವರು ಒಮ್ಮೆ ನೋಡಬೇಕಾದ ರೋಗ ಇದು. ಹರಪ್ಪದ ಸುಟ್ಟ ಮಣ್ಣಿನ ಆಟಿಕೆ ಗಾಡಿಗಳು ನಾಲ್ಕು ಸಾವಿರ ವರ್ಷ ದಾಟಿ ಬಂದಿವೆ.

ಹೊರದೇಶದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಲಿವರ್‌ಪೂಲಿನ ಮೆಕ್ಯಾನೊ ಕಂಪನಿ ಆಟಿಕೆ ರೈಲುಗಳ ಪಕ್ಕ ಇಡಲೆಂದು ಮಾಡಿದ ಪುಟ್ಟ ವಾಹನಗಳಿಗೆ 1934ರಲ್ಲಿ ‘ಡಿಂಕಿ’ ಎಂಬ ಹೆಸರು ಬಂತು. 1953ರಲ್ಲಿ ಲೆಸ್ನಿ ಕಂಪನಿಯ ‘ಮ್ಯಾಚ್‌ಬಾಕ್ಸ್’ ಬಂತು. ಬೆಂಕಿಪೊಟ್ಟಣದಲ್ಲಿ ಹಿಡಿಸುವ ಆಟಿಕೆಯನ್ನಷ್ಟೇ ತರಬಹುದೆಂಬ ನಿಯಮವಿದ್ದ ಶಾಲೆಗೆ ಮಗಳು ಒಯ್ಯಲೆಂದು ಜ್ಯಾಕ್ ಓಡೆಲ್ ಮಾಡಿಕೊಟ್ಟ ರೋಡ್ ರೋಲರಿನಿಂದ ಅದು ಹುಟ್ಟಿತೆಂಬ ಕಥೆ ಪ್ರಸಿದ್ಧ. 1968ರಲ್ಲಿ ಅಮೆರಿಕದ ಮ್ಯಾಟೆಲ್ ಹದಿನಾರು ಕಾರುಗಳ ‘ಹಾಟ್ ವೀಲ್ಸ್’ ತಂದಾಗ ಉಳಿದವೆಲ್ಲ ಒಮ್ಮೆಲೇ ನಿಧಾನವೆನಿಸಿದವು. ಅದರ ಗುಟ್ಟು ಇದ್ದದ್ದು ಅಚ್ಚಿನಲ್ಲಿ, ಅಂದರೆ ಗಾಲಿಯ ಅಚ್ಚಿನಲ್ಲಿ. ದಪ್ಪ ಸರಳಿನ ಬದಲು ವಾದ್ಯದ ತಂತಿಯಂಥ ತೆಳ್ಳನೆಯ ಉಕ್ಕಿನ ತಂತಿ ಹಾಕಿದ್ದರು. ಗಾಲಿ ತಡೆಯಿಲ್ಲದೆ ಉರುಳುತ್ತಿತ್ತು.

ನನ್ನ ಆಸಕ್ತಿ ಇರುವುದು ಕಲ್ಕತ್ತೆಯ ಕಥೆಯಲ್ಲಿ. ಆಮದಿಗೆ ಲೈಸೆನ್ಸ್ ಬೇಕಿದ್ದ ಕಾಲ ಅದು. ವಿದೇಶಿ ಆಟಿಕೆ ಭಾರತದ ಸಾಮಾನ್ಯ ಅಂಗಡಿಗೆ ಬರುವಂತಿರಲಿಲ್ಲ. 1960ರ ದಶಕದಲ್ಲಿ ಮೆಕ್ಯಾನೊ ಕಂಪನಿ ತನಗೆ ಬೇಡವಾದ ಕೆಲವು ಡಿಂಕಿ ಅಚ್ಚುಗಳನ್ನು ಕಲ್ಕತ್ತೆಯ ಎಸ್. ಕುಮಾರ್ ಅಂಡ್ ಕಂಪನಿಗೆ ಮಾರಿತು. ಅಲ್ಲಿಂದ ಹೊರಬಂದ ಕಾರುಗಳ ಹೆಸರು ‘ನಿಕ್ಕಿ ಟಾಯ್ಸ್’. ಹಳೆಯ ಅಚ್ಚು ಸವೆದಿತ್ತು, ಆದ್ದರಿಂದ ಅಂಚುಗಳು ಮೊಂಡು. ಬಣ್ಣವೂ ದಪ್ಪ. ಆದರೆ ಇವುಗಳನ್ನು ಮಗುಚಿ ಹಿಡಿದು ತಳದ ತಗಡು ನೋಡಬೇಕು. ಮಾಡಿದವರ ಹೆಸರು, ಊರು, ಮಾದರಿ ಎಲ್ಲ ಕೊರೆದಿರುವುದು ಅಲ್ಲೇ. ನಿಕ್ಕಿ ಕಾರುಗಳ ತಳದಲ್ಲಿ ಡಿಂಕಿ, ಮೆಕ್ಯಾನೊ ಎಂಬ ಅಕ್ಷರಗಳನ್ನು ಒರಟಾಗಿ ಕೆರೆದು ಅಳಿಸಿದ ಗುರುತಿರುತ್ತದೆ. ತಾಮ್ರಶಾಸನದಲ್ಲಿ ಹಳೆಯ ದಾನಿಯ ಹೆಸರು ಕೆರೆದು ಹೊಸದನ್ನು ಬರೆದಂತೆ! ಸಂಗ್ರಹಕಾರರಲ್ಲಿ ಹಲವರು ನಿಕ್ಕಿಯನ್ನು ಡಿಂಕಿಯ ಬಡ ನೆಂಟ ಎಂದೇ ಬಹುಕಾಲ ತಿಳಿದಿದ್ದರು. ನನ್ನ ಮಟ್ಟಿಗೆ ಅಂದವಾದ ಡಿಂಕಿಗಿಂತ ಆ ಕೆರೆದ ತಳವೇ ಹೆಚ್ಚು ಮಾತಾಡುತ್ತದೆ. ಲಿವರ್‌ಪೂಲಿನಿಂದ ಕಲ್ಕತ್ತೆಗೆ ಅಚ್ಚು ಬಂದ ದಾರಿ, ಆಮದು ನೀತಿ, ಸವೆತ, ತರಾತುರಿ ಎಲ್ಲವೂ ಬೆರಳಗಲದ ತಗಡಿನಲ್ಲಿವೆ.

ಲಿವರ್‌ಪೂಲಿನ ಆ ಕಾರ್ಖಾನೆ 1979ರ ನವೆಂಬರಿನಲ್ಲಿ ಮುಚ್ಚಿತು. ಭಾರತದಲ್ಲಿ ಆಮದಿನ ಮೇಲಿನ ಕೊನೆಯ ಪರಿಮಾಣ ನಿರ್ಬಂಧಗಳು 2001ರ ಏಪ್ರಿಲ್‌ನಲ್ಲಿ ಹೋದವು. ಆಮೇಲೆ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಹೊರಗಿನಿಂದ ಮಾದರಿ ತರಿಸುವ ಸಂಗ್ರಹಕಾರರು ಇಬ್ಬರು ಕೂತಲ್ಲಿ ಈ ಅಂಕಿ ಬಂದೇ ಬರುತ್ತದೆ.

ಸೇಡಂನಲ್ಲಿ ನನಗೊಬ್ಬ ಸಂಗ್ರಹಕಾರ ಗೆಳೆಯನಿದ್ದಾನೆ, ಸಿಮೆಂಟ್ ಕಾರ್ಖಾನೆಯ ನೌಕರ. ಅವನ ಗೋಡೆಯ ಮೇಲೆ 1:64 ಅಳತೆಯ ಕಾರುಗಳು ಸಾಲಾಗಿ ನೇತಾಡುತ್ತವೆ. ಈ ಅಳತೆಯಲ್ಲಿ ನಮ್ಮ ಅಂಬಾಸಿಡರ್ ಏಳು ಸೆಂಟಿಮೀಟರಿಗೂ ತುಸು ಕಡಿಮೆ ಉದ್ದವಾದೀತು. ಅವನ ಕಾರುಗಳಲ್ಲಿ ಹೆಚ್ಚಿನವು ಇನ್ನೂ ಪ್ಲಾಸ್ಟಿಕ್ ಹೊದಿಕೆಯೊಳಗೇ ಇವೆ. “ತಗದು ನೋಡಬಾರದೇನೋ?” ಎಂದೆ. “ಡಬ್ಬಿ ಹರದ್ರ ಮುಗೀತು, ಕಿಮ್ಮತ್ತು ಅರ್ಧಕ್ಕ ಇಳೀತದ” ಎಂದ. ಅವನ ಮಾತು ಮಾರುಕಟ್ಟೆಯ ಮಟ್ಟಿಗೆ ಸರಿ. ಮಗು ಮುಟ್ಟದ ಆಟಿಕೆಗೇ ಹೆಚ್ಚು ಬೆಲೆ. ಆದರೆ ಇತಿಹಾಸದ ವಿದ್ಯಾರ್ಥಿಗೆ ಅದು ತುಸು ಮೂಕ ವಸ್ತು. ಕಾರ್ಖಾನೆಯಿಂದ ಹೊರಟದ್ದು ಗೊತ್ತಾಗುತ್ತದೆ, ಆಮೇಲೆ ಅದಕ್ಕೆ ಏನೂ ಆಗಿಲ್ಲ.

ಈಗ ಸುಲೇಪೇಟಕ್ಕೆ ಬರೋಣ. ನಮ್ಮೂರ ಕಡೆಯ ಆಟಿಕೆ ಗಾಡಿ ಜೋಳದ ದಂಟಿನದು. ಕೊಯ್ಲಾದ ಮೇಲೆ ಒಣಗಿದ ದಂಟಿನ ಸಿಪ್ಪೆ ಸುಲಿಯುತ್ತಾರೆ. ಒಳಗಿನ ಬೆಂಡು ಹಗುರ, ಚುಚ್ಚಿದರೆ ಹಿಡಿದುಕೊಳ್ಳುತ್ತದೆ. ಬೆಂಡಿನ ತುಂಡುಗಳೇ ಬಂಡಿಯ ಮೈ, ಸಿಪ್ಪೆಯ ಸೀಳುಗಳೇ ಮೊಳೆ, ಅಚ್ಚು, ನೊಗ. ಅಂಟಿಲ್ಲ, ಕಬ್ಬಿಣವಿಲ್ಲ. ಒಂದೇ ಗಿಡದ ಹೊರಗು ಮತ್ತು ಒಳಗು ಸೇರಿ ಬಂಡಿಯಾಗುತ್ತದೆ. ಅದಕ್ಕೆ ಹೂಡಲು ಮಣ್ಣೆತ್ತಿನ ಅಮಾಸಿಗೆ ಕರಿಮಣ್ಣಿನಲ್ಲಿ ಮಾಡಿದ ಎತ್ತುಗಳು. ವಾಡಿಯಲ್ಲಿ 1968ರಲ್ಲಿ ಎಸಿಸಿಯ ಸಿಮೆಂಟ್ ಕಾರ್ಖಾನೆ ಶುರುವಾಯಿತು, ಆಮೇಲೆ ಸೇಡಂ, ಮಳಖೇಡದ ಕಡೆಯೂ ಬಂದವು. ಲಾರಿಗಳು ಹೆಚ್ಚಾದವು, ಮಕ್ಕಳ ಗಾಡಿಯೂ ಬದಲಾಯಿತು. ಬಂಡಿಯ ಜಾಗಕ್ಕೆ ತಂತಿಯ ಲಾರಿ ಬಂತು. ಸವೆದ ಹವಾಯಿ ಚಪ್ಪಲಿಯನ್ನು ದುಂಡಗೆ ಕೊಯ್ದು ನಾಲ್ಕು ಗಾಲಿ, ಮೇಲೆ ಖಾಲಿ ಎಣ್ಣೆ ಡಬ್ಬಿ, ಓಡುತ್ತ ತಿರುಗಿಸಲು ಎದೆಯೆತ್ತರದ ತಂತಿಯ ಸ್ಟೇರಿಂಗು. ಸಾರಿಗೆ ಚರಿತ್ರೆಯ ಒಂದು ದೊಡ್ಡ ಪಲ್ಲಟ, ಎತ್ತಿನಿಂದ ಎಂಜಿನ್ನಿಗೆ, ಮಕ್ಕಳ ಕೈಯಲ್ಲಿ ನಡೆದದ್ದು ಹೀಗೆ.

ಇವುಗಳಲ್ಲಿ ಒಂದೂ ಉಳಿದಿಲ್ಲ. ದಂಟಿನ ಬಂಡಿ ಮೊದಲ ಮಳೆಗೆ ಕೊಳೆಯುತ್ತದೆ, ಇಲ್ಲವೇ ದನದ ಬಾಯಿಗೆ ಹೋಗುತ್ತದೆ. ಮಣ್ಣೆತ್ತನ್ನು ನೀರಿಗೆ ಬಿಡುವುದೇ ರೂಢಿ. ತಂತಿ ಮತ್ತೆ ಬೇಲಿಗೆ ಹೋಗುತ್ತದೆ. ನಾನು ನೋಡಿದ ಯಾವ ವಸ್ತುಸಂಗ್ರಹಾಲಯದಲ್ಲೂ ಇಂಥದೊಂದು ಇರಲಿಲ್ಲ. ಚನ್ನಪಟ್ಟಣದ ಅರಗಿನ ಬೊಂಬೆಗೆ, ಕೊಪ್ಪಳದ ಕಿನ್ನಾಳ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಸಿಗಬೇಕಾದ್ದೇ. ಅವು ಕಸುಬುದಾರರು ಮಾರಲೆಂದು ಮಾಡಿದವು. ಮಗು ತನಗಾಗಿ ಮಾಡಿಕೊಂಡದ್ದಕ್ಕೆ ಯಾವ ಮೊಹರಿದೆ? ಊರಿನ ಹಿರಿಯ ಬಡಿಗರೊಬ್ಬರನ್ನು, ನೀವು ಚಿಕ್ಕಂದಿನಲ್ಲಿ ಮಾಡಿದ್ದು ಒಂದಾದರೂ ಇದೆಯೇ ಎಂದು ಕೇಳಿದೆ. “ಆಡಿದ್ರ ಮುರೀತಿತ್ತು, ಮುರದ್ರ ಮತ್ತೊಂದು ಮಾಡ್ತಿದ್ವಿ. ಎತ್ತಿಡೋದು ಯಾಕ ತಮ್ಮಾ?” ಎಂದರು. ನಮ್ಮ ಶಾಸ್ತ್ರ ನಂಬಿಕೊಂಡಿರುವುದೇ ಯಾರೋ ಎತ್ತಿಟ್ಟದ್ದನ್ನು. ಹಾಗಾಗಿ ತಳದಲ್ಲಿ ಹೆಸರು ಕೊರೆದ ಆಟಿಕೆಗೆ ಚರಿತ್ರೆಯಿದೆ, ಕೊರೆಯದ್ದಕ್ಕೆ ‘ಜಾನಪದ’ ಎಂಬ ಕಾಲವಿಲ್ಲದ ಖಾನೆಯಿದೆ. ದಂಟಿನ ಬಂಡಿಗೂ ತಂತಿಯ ಲಾರಿಗೂ ಕಾಲವುಂಟು, ಕಾರಣವುಂಟು. ಅವನ್ನು ಆ ಖಾನೆಗೆ ತಳ್ಳಿ ಕೈ ತೊಳೆದುಕೊಳ್ಳುವುದು ಸೋಮಾರಿತನ ಎಂದೇ ನನ್ನ ಅಭಿಪ್ರಾಯ.

ಆಟದ ಬಂಡಿಯನ್ನು ಸಾಕ್ಷಿಯಾಗಿ ನೋಡುವುದು ಹೊಸ ಮಾತೇನಲ್ಲ. ಶೂದ್ರಕನ ‘ಮೃಚ್ಛಕಟಿಕ’ಕ್ಕೆ ಆ ಹೆಸರು ಬಂದದ್ದೇ ಮಣ್ಣಿನ ಆಟಿಕೆ ಬಂಡಿಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿ ಬೇಕೆಂದು ಚಾರುದತ್ತನ ಮಗ ರೋಹಸೇನ ಅಳುತ್ತಾನೆ. ಮನೆಯ ದಾಸಿ ಮಾಡಿಕೊಟ್ಟ ಮಣ್ಣಿನ ಬಂಡಿ ಅವನಿಗೆ ಸಾಲದು. ವಸಂತಸೇನೆ ತನ್ನ ಒಡವೆಗಳನ್ನೇ ಕಳಚಿ ಅದರಲ್ಲಿ ತುಂಬುತ್ತಾಳೆ. ಗಿರೀಶ ಕಾರ್ನಾಡರು 1984ರಲ್ಲಿ ‘ಉತ್ಸವ್’ ಚಿತ್ರ ತೆಗೆದದ್ದು ಈ ನಾಟಕದಿಂದಲೇ. ನಾಟಕದ ಓದುಗರು ಸಾಮಾನ್ಯವಾಗಿ ಆ ತಾಯ್ತನದ ದೃಶ್ಯದಲ್ಲೇ ನಿಲ್ಲುತ್ತಾರೆ. ನನ್ನ ಕಣ್ಣು ಹೋಗುವುದು ಮುಂದಿನದಕ್ಕೆ: ಆ ಒಡವೆಗಳೇ ನ್ಯಾಯಸಭೆಯಲ್ಲಿ ಮೈತ್ರೇಯನ ಕಂಕುಳಿಂದ ಜಾರಿ ಬಿದ್ದು ಚಾರುದತ್ತನ ವಿರುದ್ಧ ಪುರಾವೆಯಾಗುತ್ತವೆ. ಚಿನ್ನ ಸಭೆಗೆ ಬಂತು. ಬಂಡಿ ಬರಲಿಲ್ಲ. ಬಂದಿದ್ದರೆ ಚಾರುದತ್ತನ ಕಡೆಗೆ ಅದೇ ಸಾಕ್ಷಿ ನುಡಿಯುತ್ತಿತ್ತು.

ಎರಡೂ ಬಗೆಯ ಗಾಡಿಗಳ ನಡುವೆ ನಿಲ್ಲುವ ಮೂರನೆಯದೊಂದಿದೆ, ರೇಡಿಯೊದಿಂದ ನಡೆಸುವ ಆರ್‌ಸಿ ಗಾಡಿ. ಇದರ ಮೂಲಪುರುಷ ಕಾರಲ್ಲ, ದೋಣಿ. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಕೊಳದಲ್ಲಿ ತಂತಿಯಿಲ್ಲದೆ ಪುಟ್ಟ ದೋಣಿ ನಡೆಸಿ ತೋರಿಸಿದ. 1976ರಲ್ಲಿ ಜಪಾನಿನ ತಮಿಯಾ ಕಂಪನಿ 1:12 ಅಳತೆಯ ಪೋರ್ಷೆ 934 ತಂದಿತು, ಬಿಡಿ ಭಾಗಗಳಾಗಿ. ಕೊಂಡವನೇ ಕೂತು ಜೋಡಿಸಬೇಕು. ಜೋಡಿಸಲು ಬಂದವನಿಗೆ ಬಿಚ್ಚಲೂ ಬರುತ್ತದೆ, ಬಿಚ್ಚಲು ಬಂದವನು ಬದಲಿಸದೆ ಬಿಡುವುದಿಲ್ಲ. ಈ ಹವ್ಯಾಸದಲ್ಲಿ ಮಾರ್ಪಾಡು ಎನ್ನುವುದು ಆಮೇಲೆ ಬಂದ ಚಟವಲ್ಲ, ಅದರ ಹುಟ್ಟಿನಲ್ಲೇ ಇತ್ತು.

ನಮ್ಮಲ್ಲಿ ಇದಕ್ಕೊಂದು ಕಾನೂನಿನ ತೊಡಕೂ ಇತ್ತು. 1933ರ ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದು ಅಪರಾಧವಾಗಿತ್ತು. ಇಂದಿನ ರಿಮೋಟುಗಳು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿ ಲೈಸೆನ್ಸಿನಿಂದ ಬಿಡುಗಡೆಯಾದದ್ದು 2005ರಲ್ಲಿ. ಈಗ ಎಂಜಿನಿಯರಿಂಗ್ ಕಾಲೇಜುಗಳ ತಾಂತ್ರಿಕ ಉತ್ಸವಗಳಲ್ಲಿ ಆರ್‌ಸಿ ಪಂದ್ಯ ಮಾಮೂಲು. ಹುಡುಗರು ಬ್ರಷ್ ಇರುವ ಮೋಟರು ತೆಗೆದು ಬ್ರಷ್ ಇಲ್ಲದ್ದು ಹಾಕುತ್ತಾರೆ. ಎರಡು ಸೆಲ್ಲಿನ 7.4 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ ಕೂರಿಸುತ್ತಾರೆ. ವೇಗ ಹೆಚ್ಚಿದಂತೆ ಪ್ಲಾಸ್ಟಿಕ್ಕಿನ ಹಲ್ಲುಗಾಲಿ ಸವೆಯುತ್ತದೆ, ಅದಕ್ಕೆ ಉಕ್ಕಿನದು ತರುತ್ತಾರೆ, ಆಗ ಅಚ್ಚು ಬಾಗುತ್ತದೆ. ಒಂದನ್ನು ಬಲಪಡಿಸಿದರೆ ಪಕ್ಕದ್ದು ಸೋಲುವ ಈ ಸರಪಳಿ ಗೊತ್ತಿದ್ದವರಿಗೆ ನಮ್ಮ ರಸ್ತೆ ಮತ್ತು ಲಾರಿಗಳ ಕಥೆಯನ್ನು ಬೇರೆಯಾಗಿ ಹೇಳಬೇಕಿಲ್ಲ.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಈಗ ದಂಟಿನ ಬಂಡಿಯ ಅಳತೆಗಳಿವೆ. ಆ ಬಡಿಗರು ಕೈ ಮರೆತಿರಲಿಲ್ಲ, ಅರ್ಧ ಗಂಟೆಯಲ್ಲಿ ಮಾಡಿಕೊಟ್ಟರು. ನಾನು ಪ್ರತಿ ಹಂತದ ಫೋಟೊ ತೆಗೆದು, ಮಾಡಿದವರ ಹೆಸರು, ತಾರೀಖು, ಜೋಳದ ತಳಿ (ಮಾಲದಂಡಿ) ಬರೆದುಕೊಂಡೆ. ಅದೇ ವಾರ ಸೇಡಂನ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಡಿಪ್ಲೊಮಾ ಓದುವ ಹುಡುಗನೊಬ್ಬ ತನ್ನ ಆರ್‌ಸಿ ಜೀಪಿನ ಟೈರು ಬಿಚ್ಚಿ ಕೂತಿದ್ದ. ಶಹಾಬಾದಿನ ಕಲ್ಲುಗಣಿಯ ಏರಿನಲ್ಲಿ ಅದು ಜಾರುತ್ತಿತ್ತಂತೆ. ಟೈರಿನೊಳಗೆ ತುಂಬುವ ಕಂಪನಿಯ ಸ್ಪಂಜು ತೀರಾ ಮೆತ್ತಗೆ, ಗಾಡಿಯ ಭಾರಕ್ಕೆ ಕುಸಿಯುತ್ತಿತ್ತು. ಅವನು ಕತ್ತರಿ ಹಿಡಿದು, ಹಳೆಯ ಹವಾಯಿ ಚಪ್ಪಲಿಯೊಂದನ್ನು ದುಂಡಗೆ ಕೊಯ್ಯುತ್ತಿದ್ದ. ನಾಲ್ಕರಲ್ಲಿ ಮೂರು ಮುಗಿದಿದ್ದವು.